ನಡುಮನೆಯ ಸಮುದ್ರಕ್ಕೆ ಒಂದು ಚಿಟಿಕೆ ಸುಣ್ಣ

ಚೈತ್ರಳಿಗೆ ಒಂದು ಅನುಮಾನ ಹುಟ್ಟಿತ್ತು. ದಿನವೂ ಬರೆಯುವ ಡೈರಿಗೂ ಹೇಳಲಾರದಂಥ ಅನುಮಾನ. ಬಿ.ಎಸ್ಸಿ.ಯಲ್ಲಿ ತನಗೆ ಬಂದ ಫಸ್ಟ್ ಕ್ಲಾಸು ನಿಜವಾಗಿ ತನ್ನದಲ್ಲ, ರಸಾಯನಶಾಸ್ತ್ರದ ಪೇಪರು ತಿದ್ದಿದ ಯಾರೋ ಪುಣ್ಯಾತ್ಮರು ಅವತ್ತು ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದಿರಬೇಕು ಎಂಬುದು ಆ ಅನುಮಾನ.

ಇದಕ್ಕೆ ಆಧಾರವೂ ಇತ್ತು. ನಡುಮನೆಯಲ್ಲಿ ಗಾಜಿನ ತೊಟ್ಟಿಯೊಳಗಿದ್ದ ಸಮುದ್ರಕ್ಕೆ ಅವಳು ಸುಣ್ಣ ಕಡಿಮೆ ಮಾಡುತ್ತ ಬಂದಿದ್ದಳು. ನೀರಿನಲ್ಲಿ ಸುಣ್ಣ ಹೆಚ್ಚುತ್ತ ಬಂದಿತ್ತು. ಸೋಡ ಕಡಿಮೆ ಮಾಡಿ ನೋಡಿದಳು. ಸೋಡವೂ ಹೆಚ್ಚಿತು. ಕಾಲೇಜಿನ ಮೇಡಮ್ಮನ್ನು ಕಾಡಿ ಬೇಡಿ ತಂದಿದ್ದ ಬ್ಯೂರೆಟ್ಟೆಂಬ ಗಾಜಿನ ಕೊಳವೆಯಿಂದ ತೊಟ್ಟು ತೊಟ್ಟಾಗಿ ಇಳಿಸಿ, ಶೀಸೆಯ ಕೆಂಪು ನೀರು ನೀಲಿಗೆ ತಿರುಗುವ ಗಳಿಗೆಗಾಗಿ ಉಸಿರು ಹಿಡಿದು ಕಾದು, ಮತ್ತೆ ಮತ್ತೆ ಅಳೆದಳು. ಹಾಕದೇ ಇದ್ದದ್ದು ತಾನಾಗಿ ಹೆಚ್ಚುತ್ತದೆಂದು ಅವಳು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಪುಸ್ತಕಗಳು ತಪ್ಪು ಹೇಳುವುದಿಲ್ಲವಾದ್ದರಿಂದ ತಪ್ಪು ತನ್ನದೇ ಎಂದು ಚೈತ್ರ ತೀರ್ಮಾನಿಸಿದಳು.

ಬೇರೆ ಯಾರಾದರೂ ಆಗಿದ್ದರೆ ಬಾಯಿ ಬಿಟ್ಟು ಮನೆಯವರನ್ನು ಒಂದು ಮಾತು ಕೇಳುತ್ತಿದ್ದರು. ಚೈತ್ರಳಿಗೆ ಬಾಯಿ ಇತ್ತು, ಅದನ್ನು ಊಟಕ್ಕೆ ಮಾತ್ರ ಬಳಸುತ್ತಿದ್ದಳು. ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ: ನಂಗೇನ್ ಗೊತ್ತು. ರಿಸಲ್ಟು ಬಂದ ದಿನ ಪಕ್ಕದ ಮನೆಯ ಮಲ್ಲಾಜಮ್ಮ ಯಾವ ಕ್ಲಾಸು ಬಂತವ್ವ ಎಂದು ಕೇಳಿದ್ದಕ್ಕೂ ಇದೇ ಉತ್ತರ ಕೊಟ್ಟಿದ್ದಳಾಗಿ, ಅವಳು ಫೇಲಾಗಿದ್ದಾಳೆಂದು ನಂಜನಗೂಡಿನ ಆ ಬೀದಿ ಪೂರ್ತಿ ಒಂದು ವಾರ ಮರುಕಪಟ್ಟಿತ್ತು. ತಾಯಿ ವಿಶಾಲಮ್ಮನವರು ಕೊನೆಗೆ ಮೈಸೂರುಪಾಕು ಹಂಚಿ ಆ ಮರುಕವನ್ನು ನಿಲ್ಲಿಸಬೇಕಾಯಿತು.

ಇನ್ನು ಕಪಿಲೆಯ ದಂಡೆಯ ಊರಿಗೆ ಸಮುದ್ರ ಬಂದದ್ದು ಹೇಗೆ ಎಂಬ ಪ್ರಶ್ನೆ. ಇದಕ್ಕೆ ತಿರುಮಕೂಡಲು ನರಸೀಪುರವೇ ಹೊಣೆ.

ಅಲ್ಲಿ ಚೈತ್ರಳ ದೊಡ್ಡಪ್ಪ ಶಂಭುಲಿಂಗಪ್ಪನವರಿಗೆ ಬೀಜ ಗೊಬ್ಬರದ ಅಂಗಡಿ. ಚೈತ್ರಳ ತಂದೆ ಗಂಗಾಧರಸ್ವಾಮಿಯವರಿಗೆ ನಂಜನಗೂಡಿನಲ್ಲಿ ದಿನಸಿ ಅಂಗಡಿ. ಇಬ್ಬರೂ ಷಡ್ಡಕರು. ಷಡ್ಡಕರೆಂದರೆ ಒಂದೇ ಮನೆಯ ಅಳಿಯಂದಿರು, ಅಂದಮೇಲೆ ಇಬ್ಬರಲ್ಲಿ ಯಾರು ಹೆಚ್ಚು ಎಂಬ ವಿಚಾರ ಮಾವನ ಮನೆಯ ಮೊದಲನೇ ಹಬ್ಬದೂಟದಲ್ಲೇ ಶುರುವಾಗಿ ಸಾಯುವ ತನಕ ಬಗೆಹರಿಯದೆ ಉಳಿಯುತ್ತದೆ. ಶಂಭುಲಿಂಗಪ್ಪನವರು ತಮ್ಮ ಮನೆಯ ಹಾಲ್‌ನಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟು ಚಿನ್ನದ ಬಣ್ಣದ ನಾಲ್ಕು ಮೀನು ಬಿಟ್ಟಿದ್ದರು. ಹೋದವರಿಗೆಲ್ಲ ಕಾಫಿಗಿಂತ ಮುಂಚೆ ಮೀನು ತೋರಿಸುತ್ತಿದ್ದರು. "ನಮ್ಮೂರಲ್ಲಿ ಮೂರು ಹೊಳೆ ಸೇರ್ತವೆ ಗಂಗಾಧರ, ನಾಲ್ಕನೇದು ನಮ್ಮ ಹಾಲ್‌ನಲ್ಲೇ ಇದೆ. ನಿಮ್ಮ ಕಪಿಲೆಯೂ ಅಷ್ಟೆ, ಅಲ್ಲಿ ಎಷ್ಟೇ ಮೆರೆದರೂ ಕೊನೆಗೆ ನಮ್ಮೂರಿಗೇ ಬರಬೇಕಲ್ಲ," ಎಂದು ಅವರು ಹೇಳಿದ ದಿನ ಗಂಗಾಧರಸ್ವಾಮಿಯವರು ಎರಡನೇ ಹೋಳಿಗೆ ಬೇಡವೆಂದು ಎದ್ದರು. ಅವರ ಜೀವಮಾನದಲ್ಲಿ ಹಾಗೆ ಎದ್ದದ್ದು ಅದೊಂದೇ ಸಲ.

ಅದೇ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಊರಾಚೆಯ ಕಾರ್ಖಾನೆಯೊಂದರ ದೊಡ್ಡ ಸಾಹೇಬರಿಗೆ ಗುಜರಾತಿಗೆ ವರ್ಗವಾಯಿತು. ಅವರ ಕ್ವಾರ್ಟರ್ಸಿಗೆ ದಿನಸಿ ಹೋಗುತ್ತಿದ್ದದ್ದು ಗಂಗಾಧರಸ್ವಾಮಿಯವರ ಅಂಗಡಿಯಿಂದ. ಸಾಹೇಬರ ಹತ್ತಿರ ಒಂದು ತೊಟ್ಟಿಯಿತ್ತು. ಅದರಲ್ಲಿ ಉಪ್ಪುನೀರು, ಕಲ್ಲುಬಂಡೆ, ಬಂಡೆಯ ಮೇಲೆ ಜೀವಂತ ಹವಳ, ನಡುವೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಇದನ್ನು ಲಾರಿಯಲ್ಲಿ ಸಾಗಿಸುವಂತಿಲ್ಲ, ಯಾರಾದರೂ ಪ್ರೀತಿಯಿಂದ ಸಾಕುವವರಿದ್ದರೆ ಸುಮ್ಮನೆ ಕೊಡುತ್ತೇನೆ ಎಂದರು ಸಾಹೇಬರು. ಗಂಗಾಧರಸ್ವಾಮಿಯವರ ತಲೆಯಲ್ಲಿ ಮಿಂಚು ಹೊಡೆಯಿತು. ಮೂರು ಹೊಳೆ ಸೇರಲಿ, ಮೂವತ್ತು ಸೇರಲಿ, ಅವು ಕೊನೆಗೆ ಹೋಗಿ ಬೀಳುವುದು ಎಲ್ಲಿಗೆ? "ನಾನಿದ್ದೀನಲ್ಲ ಸಾ," ಎಂದುಬಿಟ್ಟರು.

ಸಾಹೇಬರು ಅಪ್ಪ ಮಗಳಿಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡಿದರು. ಹವಳ ತನ್ನ ಮೈ ಕಟ್ಟಿಕೊಳ್ಳುವುದು ಸುಣ್ಣದಿಂದ. ನೀರಿನಲ್ಲಿರುವ ಸುಣ್ಣವನ್ನು ಅದು ತಿನ್ನುತ್ತಲೇ ಇರುತ್ತದೆ, ತಿಂದಷ್ಟನ್ನು ನಾವು ತುಂಬಬೇಕು. ಸುಣ್ಣವನ್ನು ನೀರಿನಲ್ಲಿ ಕದಡಿ, ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸಂಜೆ ದೀಪ ಆರಿಸಿದ ಮೇಲೆ ಹನಿ ಹನಿಯಾಗಿ ಬಿಡಬೇಕು. ಬೆಳಿಗ್ಗೆ ಅಡುಗೆ ಸೋಡ ಕರಗಿಸಿದ ನೀರು. ಎರಡೂ ಒಟ್ಟಿಗೆ ಬೀಳಬಾರದು. ಇದು ಚೈತ್ರಳಿಗೆ ಚೆನ್ನಾಗಿ ಅರ್ಥವಾಯಿತು. ಸುಣ್ಣ ಸೋಡಗಳು ಅತ್ತೆ ಸೊಸೆ ಇದ್ದ ಹಾಗೆ. ಬೇರೆ ಬೇರೆ ಹೊತ್ತಿನಲ್ಲಿ ಅಡುಗೆಮನೆಗೆ ಬಂದರೆ ಇಬ್ಬರೂ ಬಂಗಾರ, ಒಂದೇ ಹೊತ್ತಿಗೆ ಬಂದರೆ ಮನೆಯೆಲ್ಲ ಕದಡಿಹೋಗುತ್ತದೆ.

ಗಂಗಾಧರಸ್ವಾಮಿಯವರೂ ಗಂಭೀರವಾಗಿ ತಲೆಯಾಡಿಸುತ್ತ ಕೇಳಿದರು. ಮನೆಗೆ ಬಂದು ಪಾಠವನ್ನು ಎಲ್ಲರಿಗೂ ಒಪ್ಪಿಸಿದರು. "ಏನಿಲ್ಲ ಕಣವ್ವ, ಉಪ್ಪು, ಸುಣ್ಣ, ಸೋಡ. ಮೂರೂ ನಮ್ಮಂಗಡೀಲೇ ಇವೆ."

ತೊಟ್ಟಿ ನಡುಮನೆಗೆ ಬಂತು. ಚೈತ್ರಳಿಗೆ ಅದರ ಮುಂದೆ ಒಂದು ಮಣೆ ಕಾಯಂ ಆಯಿತು. ಅಂಗೈಯಗಲದ ಒಂದು ನೇರಳೆ ಹವಳವಿತ್ತು. ಬೆಳಿಗ್ಗೆ ದೀಪ ಹಾಕಿದ ಮೇಲೆ ಸ್ವಲ್ಪ ಹೊತ್ತು ನಾಚಿಕೊಂಡಂತೆ ಮುದುಡಿಯೇ ಇದ್ದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮೈತುಂಬ ಸಣ್ಣ ಸಣ್ಣ ಬೆರಳು ಚಾಚುತ್ತಿತ್ತು. ಇಂಥ ಸ್ವಭಾವದ ಪ್ರಾಣಿಯನ್ನು ಚೈತ್ರ ಅದುವರೆಗೆ ಕನ್ನಡಿಯಲ್ಲಿ ಮಾತ್ರ ನೋಡಿದ್ದಳು. ಅದರ ಮುಂದೆ ಕೂತರೆ ಯಾರೂ ಏನೂ ಕೇಳುತ್ತಿರಲಿಲ್ಲ, ಹೇಳಬೇಕಾದ್ದೂ ಏನೂ ಇರುತ್ತಿರಲಿಲ್ಲ. ಅವಳು ಸುಖವಾಗಿದ್ದಳು.

ಸುಖವಾಗಿದ್ದವಳ ಕೈಗೆ ಬ್ಯೂರೆಟ್ಟು ಬಂದದ್ದೇ ಮುಖ ಬಾಡಿತು. ಮೊದಲೇ ಹೇಳಿದ ಹಾಗೆ ಲೆಕ್ಕ ಏರುತ್ತಿತ್ತು, ಹವಳ ದಿನದಿನಕ್ಕೂ ತಡವಾಗಿ ಬೆರಳು ಚಾಚುತ್ತಿತ್ತು. ಇದರ ಮೇಲೆ ಗಂಗಾಧರಸ್ವಾಮಿಯವರು ನರಸೀಪುರಕ್ಕೆ ಫೋನು ಮಾಡಿ, "ಭಾನುವಾರ ಎಲ್ಲರೂ ಬನ್ನಿ ಶಂಭಣ್ಣ, ಸಮುದ್ರ ನೋಡ್ಕೊಂಡು ಹೋಗಿ," ಎಂದು ಕರೆದೂಬಿಟ್ಟರು. ಫೋನಿಟ್ಟು ಮಗಳ ಕಡೆ ತಿರುಗಿ ಒಂದು ಮಾತು ಸೇರಿಸಿದರು. ಅವನ ಮುಂದೆ ಏನಾದರೂ ಹೆಚ್ಚುಕಮ್ಮಿಯಾಗಿ ಮಾನ ಹೋದರೆ, ಅವತ್ತೇ ತೊಟ್ಟಿಯನ್ನು ಚರಂಡಿಗೆ ಬಗ್ಗಿಸಿ ತೊಳೆದು ಅಂಗಡಿಯಲ್ಲಿಟ್ಟು ಕೊಬ್ಬರಿ ಮಿಠಾಯಿ ತುಂಬಿಸುತ್ತೇನೆ. ಗಾಜು ಒಳ್ಳೇ ದಪ್ಪ ಇದೆ, ಇರುವೆ ಬರುವುದಿಲ್ಲ.

ಚೈತ್ರ ಅಂದಿನಿಂದ ಸುಣ್ಣವನ್ನು ಪೂರ್ತಿ ನಿಲ್ಲಿಸಿದಳು. ಸುಣ್ಣ ಇನ್ನೂ ಏರಿತು.

ಓದುಗರಿಗೆ ಈಗ ಚೈತ್ರಳಿಗೆ ಗೊತ್ತಿಲ್ಲದ ಸಂಗತಿಯನ್ನು ಹೇಳಿಬಿಡುವುದು ಧರ್ಮ. ಆ ಮನೆಯಲ್ಲಿ ಸಮುದ್ರವನ್ನು ಸಾಕುತ್ತಿದ್ದವಳು ಅವಳೊಬ್ಬಳೇ ಅಲ್ಲ.

ಅಜ್ಜಿ ಚನ್ನಾಜಮ್ಮನವರದು ವೀಳ್ಯದೆಲೆಯ ಜೀವ. ಮೊಮ್ಮಗಳು ಸುಣ್ಣ ಕದಡಿ, ಮೇಲಿನ ತಿಳಿ ಬಸಿದು, ಕೆಳಗಿನ ಗಟ್ಟಿ ಸುಣ್ಣವನ್ನು ಚೆಲ್ಲುವುದನ್ನು ಅವರು ಕಣ್ಣಾರೆ ಕಂಡರು. ಅನ್ನ ಚೆಲ್ಲಿ ಗಂಜಿ ಬಡಿಸುವ ಈ ಕ್ರಮ ಅವರಿಗೆ ಒಪ್ಪಿಗೆಯಾಗಲಿಲ್ಲ. ಮಗು ಓದಿದ್ದಾಳೆ, ಅನುಭವ ಸಾಲದು. ಆದ್ದರಿಂದ ತಾವು ಎಲೆಗೆ ಸುಣ್ಣ ಸವರಿದ ಮೇಲೆ ಬೆರಳಿನಲ್ಲಿ ಉಳಿದದ್ದನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೊಳೆಯುವ ಪದ್ಧತಿ ಇಟ್ಟುಕೊಂಡರು. ಮಗು ಪೂರ್ತಿ ನಿಲ್ಲಿಸಿದ್ದು ಕಂಡ ಮೇಲೆ ಬೆರಳು ಬಿಟ್ಟು ಡಬ್ಬಿಗೇ ಕೈ ಹಾಕಿದರು.

ವಿಶಾಲಮ್ಮನವರಿಗೆ ಸೋಡದ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಬೋಂಡ ಉಬ್ಬದಿದ್ದರೆ ಸೋಡ, ಹೊಟ್ಟೆ ಉಬ್ಬಿದರೆ ಸೋಡ. ಹವಳ ಮುದುಡಿದ್ದು ಕಂಡ ಮೇಲೆ ಕೇಳಬೇಕೆ?

ಗಂಗಾಧರಸ್ವಾಮಿಯವರು ದಿನವೂ ಅಂಗಡಿಗೆ ಹೊರಡುವ ಮುಂಚೆ ತೊಟ್ಟಿಗೆ ಕಿರುಬೆರಳು ಅದ್ದಿ ನಾಲಿಗೆಗೆ ತಾಗಿಸಿ, ಸಾರು ನೋಡಿದಂತೆ ನೋಡುತ್ತಿದ್ದರು. ದಿನವೂ ಉಪ್ಪು ಒಂದು ಚೂರು ಸಾಲದು ಅನ್ನಿಸುತ್ತಿತ್ತು. ನಾಲಿಗೆ ಒಗ್ಗಿಕೊಂಡಷ್ಟೂ ಸಮುದ್ರ ಸಪ್ಪೆಯಾಗುತ್ತ ಹೋಯಿತು. ಅಂಗಡಿಯಿಂದ ಕಲ್ಲುಪ್ಪು ಬರುತ್ತ ಹೋಯಿತು.

ಪಕ್ಕದ ಮನೆಯ ಮಲ್ಲಾಜಮ್ಮನವರ ಕತ್ತಿನಲ್ಲಿ ನರೂಲಿ ಎದ್ದಿತ್ತು. ನರೂಲಿಗೆ ಉಪ್ಪು ಬೆಲ್ಲ ನೀರಿಗೆ ಬಿಡುತ್ತೇನೆಂದು ಹರಸಿಕೊಳ್ಳುವುದು ವಾಡಿಕೆ. ಅವು ಕರಗಿದ ಹಾಗೆ ಇದೂ ಕರಗುತ್ತದೆ. ಮಂಡಿನೋವಿನ ಮಲ್ಲಾಜಮ್ಮನವರಿಗೆ ಹೊಳೆಯ ಮೆಟ್ಟಿಲು ಇಳಿಯಲಾಗದು. ಹೊಳೆಗಿಂತ ದೊಡ್ಡದಾದ ಸಮುದ್ರ ಪಕ್ಕದ ಮನೆಯಲ್ಲೇ ಇರುವಾಗ ಇಳಿಯಬೇಕಾದರೂ ಯಾಕೆ?

ಇವರಲ್ಲಿ ಯಾರೂ ಇನ್ನೊಬ್ಬರಿಗೆ ಹೇಳಲಿಲ್ಲ. ಹೇಳಿದರೆ ಮಗುವಿಗೆ ತಿಳಿಯುತ್ತದೆ, ತಿಳಿದರೆ ನೊಂದುಕೊಳ್ಳುತ್ತದೆ. ಮಗು ಲೆಕ್ಕ ಏರಿತೆಂದು ಹೆದರಿ ಒಂದು ಚಮಚ ಕಡಿಮೆ ಮಾಡಿದರೆ, ಮಗು ಬಾಡಿತೆಂದು ಹೆದರಿ ಇವರು ಎರಡು ಚಮಚ ಹೆಚ್ಚು ಮಾಡುತ್ತಿದ್ದರು. ಜಗತ್ತಿನಲ್ಲಿ ಪ್ರೀತಿಯಿಂದ ಆಗುವ ಅನಾಹುತಗಳು ಸಾಮಾನ್ಯವಾಗಿ ಈ ರೀತಿಯಲ್ಲೇ ಆಗುತ್ತವೆ.

ಭಾನುವಾರ ಬಂತು. ಶಂಭುಲಿಂಗಪ್ಪನವರು ಹೆಂಡತಿ ಚಿನ್ನಮ್ಮನವರೊಡನೆ ಬಸ್ಸಿಳಿದು ಬಂದು ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದಾರೆ ಎನ್ನುವಾಗ ಮನೆಯ ಮಾನದ ಪ್ರಶ್ನೆ ಎಲ್ಲರ ಮನಸ್ಸಿಗೂ ಒಟ್ಟಿಗೇ ಬಂತು. ಚೈತ್ರ ಕಾಫಿ ಸೋಸಲು ಒಳಗೆ ಹೋಗಿದ್ದಳು. ಚನ್ನಾಜಮ್ಮನವರು ಎದ್ದು ಡಬ್ಬಿಯಲ್ಲಿದ್ದ ಸುಣ್ಣವನ್ನೆಲ್ಲ ತೊಟ್ಟಿಗೆ ಬಳಿದು, ಏನೂ ಗೊತ್ತಿಲ್ಲದವರಂತೆ ದೇವರಮನೆಗೆ ಹೋದರು. ಅವರು ಅತ್ತ ಹೋದದ್ದೇ ವಿಶಾಲಮ್ಮನವರು ಸೆರಗಿನ ಮರೆಯಲ್ಲಿ ಸೋಡದ ಪೊಟ್ಟಣ ಹಿಡಿದು ಇತ್ತ ಬಂದರು. ಅತ್ತೆ ಸೊಸೆ ಒಂದೇ ಹೊತ್ತಿಗೆ ಒಲೆಯ ಮುಂದೆ ಬಂದಂತಾಯಿತು.

ಗಂಗಾಧರಸ್ವಾಮಿಯವರು ಷಡ್ಡಕನ ಹೆಗಲ ಮೇಲೆ ಕೈ ಹಾಕಿಕೊಂಡು ಒಳಗೆ ಬಂದು, "ನೋಡಿ ಶಂಭಣ್ಣ," ಎಂದು ಕೈ ಚಾಚಿದರು.

ತೊಟ್ಟಿಯಲ್ಲಿ ಬಂಡೆಯಿಲ್ಲ, ಹವಳವಿಲ್ಲ, ಮೀನಿಲ್ಲ. ಅಂಚಿನಿಂದ ಅಂಚಿಗೆ ಬೆಳ್ಳಗೆ, ಗಟ್ಟಿಯಾಗಿ, ಆಗ ತಾನೇ ಕರೆದು ತಂದಂತೆ ಹಾಲು.

ಶಂಭುಲಿಂಗಪ್ಪನವರು ಬಹಳ ಹೊತ್ತು ನೋಡಿದರು. ಸಮುದ್ರ ನೀಲಿ ಅಂತ ಕೇಳಿದ್ದೆ, ಎಂದರು. ಗಂಗಾಧರಸ್ವಾಮಿಯವರ ಮುಖದಲ್ಲಿ ಕೊಬ್ಬರಿ ಮಿಠಾಯಿಯ ನೆರಳು ಹಾಯಿತು. ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಚೈತ್ರ ಅದನ್ನು ಕಂಡಳು. ಅಷ್ಟು ಹೊತ್ತಿಗೆ ಬಂದವರನ್ನು ಮಾತಾಡಿಸಲು ಹಿತ್ತಲಿಂದ ಮಲ್ಲಾಜಮ್ಮನವರು ಬಂದರು. ತೊಟ್ಟಿ ಕಂಡರು. ಎರಡೂ ಕೈ ತಲೆಯ ಮೇಲೆ ಜೋಡಿಸಿದರು.

"ಆಲ್ಗಡಲು ಕಣವ್ವೋ. ಗಂಗಾದರಪ್ಪೋರ ಮನೇಲಿ ಆಲ್ಗಡಲು ಬಂದದೆ."

ಚಿನ್ನಮ್ಮನವರು ಚಪ್ಪಲಿ ಬಿಟ್ಟಿದ್ದೇನೋ ಇಲ್ಲವೋ ಎಂದು ಕಾಲು ನೋಡಿಕೊಂಡು ತಾವೂ ಕೈ ಮುಗಿದರು. ಹೆಂಡತಿ ಕೈ ಮುಗಿದ ಮೇಲೆ ಶಂಭುಲಿಂಗಪ್ಪನವರ ಕೈಗಳೂ ಎಲ್ಲಿರಬೇಕೆಂದು ತಿಳಿಯದೆ ಅರ್ಧಕ್ಕೆ ಎದ್ದವು. ಆ ಅರ್ಧ ನಮಸ್ಕಾರವನ್ನು ಕಂಡದ್ದೇ ಗಂಗಾಧರಸ್ವಾಮಿಯವರ ಎದೆಗೆ ಉಸಿರು ಮರಳಿತು. ಅಮಾವಾಸ್ಯೆ ಹತ್ತಿರ ಬಂದಾಗ ಒಮ್ಮೊಮ್ಮೆ ಹೀಗಾಗುವುದುಂಟು, ನಾವೇ ಹೊರಗೆ ಹೇಳಿಕೊಂಡಿರಲಿಲ್ಲ ಎಂದರು.

ಹೊರಗೆ ಹೇಳುವ ಕೆಲಸವನ್ನು ಮಲ್ಲಾಜಮ್ಮನವರು ಆಗಲೇ ಮಾಡಿ ಮುಗಿಸಿದ್ದರು. ಕಾಫಿ ತಣಿಯುವಷ್ಟರಲ್ಲಿ ಜಗಲಿ ತುಂಬಿತು. ಊದುಬತ್ತಿ ಬಂದವು, ಕಾಯಿ ಬಂದವು. ಯಾರೋ ತೀರ್ಥ ಕೇಳಿದರು. ಹವಳ ಬಿಡುವ ಕಾಲ ಯಾವುದು, ಮಗಳ ತಾಳಿಗೆ ಎರಡು ಬೇಕಿತ್ತು ಎಂದು ಇನ್ನಾರೋ ವಿಚಾರಿಸಿದರು. ನಿಂತವರ ಸಾಲು ಬೀದಿಯ ತಿರುವಿಗೆ ಮುಟ್ಟಿತು. ಅಂಗಡಿಯಲ್ಲಿ ಇಷ್ಟು ಜನ ಒಟ್ಟಿಗೆ ಕಂಡಿರದ ಗಂಗಾಧರಸ್ವಾಮಿಯವರು ನೂಕಾಡದೆ ಬನ್ನಿ ಎನ್ನುವುದನ್ನು ಬಹಳ ಬೇಗ ಕಲಿತರು.

ದಿನಸಿ ವ್ಯಾಪಾರಿಯ ಮನೆಯಲ್ಲಿ ತೊಟ್ಟಿಗಟ್ಟಲೆ ಹಾಲಿದೆ, ಜನ ಸಾಲು ನಿಂತಿದ್ದಾರೆ ಎಂಬ ಸುದ್ದಿ ಆರೋಗ್ಯ ಇನ್ಸ್‌ಪೆಕ್ಟರ್ ನಂಜೇಶ್ ಕಿವಿಗೆ ಬಿದ್ದಾಗ ಅದರಲ್ಲಿ ಭಕ್ತಿಯ ಭಾಗ ಉದುರಿಹೋಗಿತ್ತು. ಅವರು ಕಲಬೆರಕೆ ಹಾಲಿನ ಬೆನ್ನು ಹತ್ತಿದ್ದ ಕಾಲ ಅದು. ಸ್ಕೂಟರಿನ ಡಿಕ್ಕಿಯಲ್ಲಿ ಹಾಲು ಅಳೆಯುವ ಲ್ಯಾಕ್ಟೋಮೀಟರು ಸದಾ ಸಿದ್ಧ. ಬಂದವರೇ ಮೂಲೆಯಲ್ಲಿದ್ದ ಸೋಡದ ಪೊಟ್ಟಣ ನೋಡಿ, ಉಪ್ಪಿನ ಚೀಲ ನೋಡಿ, ಹೂಂ ಎಂದು ತಲೆದೂಗಿ, ಯಾರ ಮಾತನ್ನೂ ಕೇಳದೆ ಆ ಗಾಜಿನ ಕಡ್ಡಿಯನ್ನು ತೊಟ್ಟಿಗೆ ಬಿಟ್ಟರು. ಅದು ಎರಡು ಸಲ ಕುಣಿದು ನೆಟ್ಟಗೆ ನಿಂತಿತು. ನಂಜೇಶ್ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

"ಇಪ್ಪತ್ತೊಂಬತ್ತು," ಎಂದರು. ಅವರ ದನಿ ಇಳಿದಿತ್ತು. "ನನ್ನ ಸರ್ವೀಸ್‌ನಲ್ಲಿ ಇಪ್ಪತ್ತನಾಲ್ಕರ ಮೇಲೆ ನಾನು ಕಂಡಿಲ್ಲ ಕಣ್ರೀ. ಇದು ಅಪ್ಪಟ ಹಾಲು."

ಜಗಲಿಯಲ್ಲಿ ಹರ ಹರ ಎಂಬ ಘೋಷ ಎದ್ದಿತು. ಪವಾಡಕ್ಕೆ ಸರ್ಕಾರದ ಮೊಹರು ಬಿದ್ದಂತಾಗಿತ್ತು. ಅಷ್ಟರಲ್ಲಿ ಅಪ್ಪಟ ಹಾಲಿನೊಳಗಿಂದ ಎರಡು ಕಿತ್ತಳೆ ಮೀನುಗಳು ಮೂತಿ ತೂರಿಸಿ, ಸರ್ಕಾರಿ ಕಡ್ಡಿಯನ್ನು ಒಮ್ಮೆ ಮೂಸಿ ಒಳಗೆ ಹೋದವು.

ನಂಜೇಶ್ ಕಡ್ಡಿಯನ್ನು ಮೇಲೆತ್ತಿ ಕರವಸ್ತ್ರದಲ್ಲಿ ಒರೆಸತೊಡಗಿದರು.

ಚೈತ್ರಳ ತಲೆಯಲ್ಲಿ ಮಾತ್ರ ಏನೋ ಟಕ್ಕೆಂದಿತು. ಆ ಕಡ್ಡಿ ಅಳೆಯುವುದು ಹಾಲನ್ನಲ್ಲ, ನೀರಿನ ಗಟ್ಟಿತನವನ್ನು. ಸಮುದ್ರದ ನೀರಾದರೆ ಅದು ಇಪ್ಪತ್ತೈದರ ಹತ್ತಿರ ನಿಲ್ಲಬೇಕು. ಮೇಲಿನ ನಾಲ್ಕಕ್ಕೆ ಉಪ್ಪು ಎಲ್ಲಿಂದ ಬಂತು? ತಾನಂತೂ ಉಪ್ಪು ಮುಟ್ಟಿಯೇ ಇರಲಿಲ್ಲ.

"ಇದಕ್ಕೆ ಏನೇನು ಹಾಕಿದ್ದೀರಿ?" ಎಂದರು ನಂಜೇಶ್ ಕೊನೆಗೆ. ಎಲ್ಲ ನಮ್ಮ ಮಗಳೇ ನೋಡಿಕೊಳ್ಳುವುದು ಎಂದರು ಗಂಗಾಧರಸ್ವಾಮಿಯವರು. ಎಲ್ಲರೂ ಚೈತ್ರಳ ಕಡೆ ತಿರುಗಿದರು. ಚೈತ್ರ ತಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, "ನಂಗೇನ್ ಗೊತ್ತು," ಎಂದಳು. ಈ ಸಲ ಅದು ನಿಜವೇ ಆಗಿತ್ತು.

ಮಗುವಿನ ಮೇಲೆ ಇನ್ಸ್‌ಪೆಕ್ಟರ ಕಣ್ಣು ಬಿದ್ದದ್ದನ್ನು ಚನ್ನಾಜಮ್ಮನವರಿಂದ ಸಹಿಸಲಾಗಲಿಲ್ಲ. "ಅವಳನ್ನ ಏನೂ ಅನ್ಬೇಡಪ್ಪ. ಒಂದು ಚಿಟಿಕೆ ಸುಣ್ಣ ನಾನು ಹಾಕಿದ್ದು."

ಯಾವಾಗ ಎಂದು ನಂಜೇಶ್ ಕೇಳಿದರು.

"ವೀಳ್ಯ ಹಾಕ್ಕೊಂಡಾಗಲೆಲ್ಲ."

ಅದು ಎಷ್ಟು ಸಲ ಎಂಬುದು ಆ ಬೀದಿಗೆಲ್ಲ ಗೊತ್ತಿತ್ತು. ಅತ್ತೆ ಒಪ್ಪಿಕೊಂಡ ಮೇಲೆ ಸೊಸೆ ಹಿಂದೆ ಬೀಳುವುದುಂಟೆ? ತಾನೂ ಸೋಡ ಹಾಕಿದ್ದು ಹೌದು, ಬೋಂಡಕ್ಕೆ ಹಾಕುವಷ್ಟೇ ಎಂದರು ವಿಶಾಲಮ್ಮ. ಎಷ್ಟು ಜನದ ಬೋಂಡಕ್ಕೆ ಎಂದು ಶಂಭುಲಿಂಗಪ್ಪನವರು ಕೆದಕಿದರು. ಮದುವೆ ಮನೆಯದು ಅಂತಲೇ ಇಟ್ಟುಕೊಳ್ಳಿ ಭಾವ ಎಂದು ಅವರು ತಲೆ ತಗ್ಗಿಸಿದರು. ಗಂಗಾಧರಸ್ವಾಮಿಯವರು ಗೋಡೆಯ ಕ್ಯಾಲೆಂಡರನ್ನು ನೋಡುತ್ತ, ಸಪ್ಪೆ ಇತ್ತು, ಅದಕ್ಕೇ ಎಂದು ಮಾತ್ರ ಹೇಳಿದರು. ಮಲ್ಲಾಜಮ್ಮನವರು ಕತ್ತು ಚಾಚಿ ತೋರಿಸಿ, ಉಪ್ಪು ಬೆಲ್ಲ ಬಿಟ್ಟದ್ದಕ್ಕೆ ನರೂಲಿ ಉದುರಿಹೋಗಿದೆ, ಬೇಕಾದರೆ ಮುಟ್ಟಿ ನೋಡಿ ಎಂದರು. ನಿಜವಾಗಿಯೂ ಉದುರಿತ್ತು.

"ಮಗ ದಿನಾ ಆ ಕೊಳವೆ ಇಡ್ಕಂಡು ಮಕ ಸಣ್ಣ ಮಾಡ್ಕಂಡು ಕೂತಿರಾದು ನೋಡಕಾಗ್ನಿಲ್ಲ ಕಣ್ಸಾ," ಎಂದರು ಮಲ್ಲಾಜಮ್ಮ. ಎಲ್ಲರ ಪರವಾಗಿಯೂ ಅದೇ ಉತ್ತರವಾಗಿತ್ತು.

ಚೈತ್ರ ಬಾಗಿಲಲ್ಲೇ ನಿಂತು ಮನಸ್ಸಿನಲ್ಲಿ ಕೂಡಿದಳು. ಅಜ್ಜಿಯ ಸುಣ್ಣ, ಅಮ್ಮನ ಸೋಡ, ಅಪ್ಪಾಜಿಯ ಉಪ್ಪು. ಬ್ಯೂರೆಟ್ಟು ಮತ್ತು ಕಡ್ಡಿ ಹೇಳಿದ್ದಕ್ಕೂ ಇವರು ಹೇಳಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಯೂನಿವರ್ಸಿಟಿಯಲ್ಲಿ ಪೇಪರು ತಿದ್ದಿದ ಪುಣ್ಯಾತ್ಮರು ಅವತ್ತು ಕನ್ನಡಕ ಹಾಕಿಕೊಂಡೇ ಬಂದಿದ್ದರು. ಅವಳಿಗೆ ನಗು ಬಂತು. ಬಂದ ನಗು ಹೊರಗೆ ಬರುವ ಮುಂಚೆಯೇ ಪರಿಹಾರಗಳು ಶುರುವಾದವು.

ನಮ್ಮೂರಲ್ಲಿ ನೀರು ಕದಡಿದರೆ ಸ್ಫಟಿಕ ಹಾಕುತ್ತೇವೆ, ಹೊಳೆಗಳು ಕೂಡುವಲ್ಲಿರುವ ನಮ್ಮ ಸರೋವರಕ್ಕೇ ಸ್ಫಟಿಕ ಸರೋವರ ಎಂಬ ಹೆಸರಿದೆ ಎಂದು ಶಂಭುಲಿಂಗಪ್ಪನವರು ನರಸೀಪುರದ ಹಿರಿಮೆಯನ್ನು ಎತ್ತಿಹಿಡಿದರು. ಗಂಗಾಧರಸ್ವಾಮಿಯವರು ಸ್ಫಟಿಕ ತಮ್ಮ ಅಂಗಡಿಯಲ್ಲೇ ಇದೆ ಎಂದು ಬೀಗದ ಕೈ ಹುಡುಕಿದರು. ಸುಣ್ಣಕ್ಕೆ ಹುಳಿಯೇ ಮದ್ದು ಎಂದು ಚನ್ನಾಜಮ್ಮನವರು ಹುಣಸೆಹಣ್ಣಿನ ಜಾಡಿಗೆ ಹೊರಟರು. ವಿಶಾಲಮ್ಮನವರು ಅತ್ತೆಗಿಂತ ಮುಂಚೆ ತಲುಪಬೇಕೆಂದು ನಿಂಬೆಹಣ್ಣು ಕೊಯ್ದರು. ಹಾಲಿಗೆ ಹಾಲೇ ಸರಿ ಎಂದು ಮಲ್ಲಾಜಮ್ಮ ಮನೆಯಿಂದ ಒಂದು ಚೊಂಬು ನೊರೆಹಾಲು ತಂದರು. ಇಷ್ಟು ಜನ ಮುಂದಾಗಿರುವಾಗ ಸರ್ಕಾರ ಸುಮ್ಮನಿರಬಾರದೆಂದು ನಂಜೇಶ್ ಸ್ಕೂಟರಿನಿಂದ ಬ್ಲೀಚಿಂಗ್ ಪೌಡರಿನ ಡಬ್ಬ ತಂದು ಮುಚ್ಚಳ ತೆಗೆದರು. ಬಾವಿಯನ್ನೇ ಸರಿ ಮಾಡುತ್ತದೆ, ಇದ್ಯಾವ ಲೆಕ್ಕ ಎಂದರು.

ಕೈಗಳೆಲ್ಲ ತೊಟ್ಟಿಯ ಕಡೆ ಬಂದವು.

ಚೈತ್ರ ಕಾಫಿಯ ತಟ್ಟೆಯನ್ನು ದೊಡ್ಡಪ್ಪನ ಕೈಗೆ ಕೊಟ್ಟಳು. ನಡೆದು ಹೋಗಿ ತೊಟ್ಟಿಗೆ ಬೆನ್ನು ಕೊಟ್ಟು ಎರಡೂ ತೋಳು ಚಾಚಿ ನಿಂತಳು.

"ಯಾರೂ ಏನೂ ಹಾಕ್ಬೇಡಿ," ಎಂದಳು.

ಮಾತಾಡಿದ್ದು ಯಾರು ಎಂದು ಜಗಲಿಯಲ್ಲಿದ್ದವರು ಒಬ್ಬರನ್ನೊಬ್ಬರು ಕೇಳಿಕೊಂಡರು. ಅಂಥ ದನಿ ಆ ಮನೆಯಲ್ಲಿ ಯಾರಿಗೂ ಇದ್ದಂತೆ ಅವರಿಗೆ ನೆನಪಿರಲಿಲ್ಲ.

"ನಿಮ್ಮ ಕೈಲಿರೋದು ಯಾವುದೂ ಬೇಡ. ಸುಮ್ನೆ ಬಿಟ್ರೆ ನಾಳೆ ಹೊತ್ಗೆ ತಾನೇ ತಿಳಿಯಾಗುತ್ತೆ. ಇನ್ಮೇಲೆ ಇದಕ್ಕೆ ನಾನೊಬ್ಳೇ ಹಾಕೋದು."

ನಂಜೇಶ್ ಡಬ್ಬವನ್ನು ಹಿಡಿದೇ, "ತಿಳಿಯಾಗುತ್ತೆ ಅಂತ ನಿಂಗೆ ಹ್ಯಾಗಮ್ಮ ಗೊತ್ತು?" ಎಂದರು.

ಉತ್ತರ ಏನೆಂದು ಆ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಚನ್ನಾಜಮ್ಮನವರ ತುಟಿಗಳಂತೂ ಅಭ್ಯಾಸಬಲದಿಂದ ಅದನ್ನು ಮುಂಚಿತವಾಗಿಯೇ ಆಡಿಬಿಟ್ಟವು. ಗಂಗಾಧರಸ್ವಾಮಿಯವರು ಮಗಳ ಪರವಾಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆದರು.

ಚೈತ್ರ ತಲೆ ಎತ್ತಿ ಇನ್ಸ್‌ಪೆಕ್ಟರನ್ನು ನೋಡಿದಳು.

"ನಂಗೆ ಗೊತ್ತು," ಎಂದಳು.